ಏಳುನೂರು ಗಜದ ಬಂದೂಕು

ಶೋಟೋ, ಮೊಂಟಾನಾ
೧೮ ಜೂನ್ ೨೦೧೧

ಪ್ರಿಯ ಭಾವ ವರ್ನನ್,

ಮನುಕುಲದ ಇತಿಹಾಸದಲ್ಲಿ ಈ ದಿನವನ್ನು ದಪ್ಪ ಅಕ್ಷರದಲ್ಲಿ ಬರೆಯತಕ್ಕದ್ದು. ಸಾಮ್ರಾಜ್ಯಗಳು ಎದ್ದದ್ದು, ಬಿದ್ದದ್ದು, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು, ಎಲ್ಲವೂ ಇದರ ಮುಂದೆ ಸಪ್ಪೆ. ಇವತ್ತು ಬೆಳಗ್ಗೆ ನಾನು, ಹೋಲಿಸ್ ಲಿಂಡಾಲ್, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಒಂದು ಜೊತೆ ಹೊಸ ಉಣ್ಣೆಯ ಕಾಲುಚೀಲ ಕೊಂಡುಕೊಂಡೆ.

ಲೆನೋರ ಅಂಗಡಿಯಲ್ಲೇ ಕೈಗೆ ಸಿಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟಳು. "ನೀನು? ಕಾಲುಚೀಲ? ತೂತಿಗೆ ತೇಪೆ, ತೇಪೆಗೆ ತೇಪೆ ಹಾಕಿಸ್ಕೊಂಡು ನಲವತ್ತು ವರ್ಷ ತಳ್ಳಿದ ಗಂಡಸು? ಯಾರು ಸತ್ರು ಹೇಳು."

ಯಾರೂ ಸತ್ತಿಲ್ಲ. ಬೆಟ್ಟದ ಟಗರಿನ ಬೇಟೆಗೆ ಸರ್ಕಾರ ಎತ್ತುವ ಪರವಾನಗಿ ಲಾಟರಿಯಲ್ಲಿ ನನ್ನ ಹೆಸರು ಬಂದಿದೆ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಪ್ರತಿ ವಸಂತಕ್ಕೆ ಅರ್ಜಿ ಹಾಕಿ, ಪ್ರತಿ ಜೂನ್‌ಗೆ "ವಿಷಾದಿಸುತ್ತೇವೆ" ಎಂಬ ಕಾಗದ ತರಿಸಿಕೊಂಡು, ಅದರಿಂದಲೇ ಒಲೆ ಹಚ್ಚಿದವನು ನಾನು. ಈ ಸಲ ಅವರು ವಿಷಾದಿಸಿಲ್ಲ. ನಮ್ಮ ಬೆಟ್ಟಸಾಲಿನಲ್ಲಿ ಒಂದು ಟಗರು, ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ. ಚೀಟಿಯನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಎತ್ತಿಡುವ ಹಾಗೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪನ ಕಾಲದ ನನ್ನ ಬಂದೂಕನ್ನು ನೀನು ನಮ್ಮಕ್ಕನನ್ನು ಮದುವೆಯಾದ ದಿನದಿಂದಲೂ "ಕೋಲು" ಅಂತಲೇ ಕರೆಯುತ್ತ ಬಂದಿದ್ದೀಯ. ಸೋತೆ. ನಿನ್ನ ಕೈಯಿಂದಲೇ ಒಂದು ಬಂದೂಕು ಮಾಡಿಕೊಡು. ಏಳುನೂರು ಗಜ ದೂರದಲ್ಲಿ, ಊಟದ ತಟ್ಟೆಯಷ್ಟು ಜಾಗದೊಳಗೆ, ಗುಂಡು ಪ್ರತಿ ಸಲವೂ ಬೀಳಬೇಕು.

ಫೋನ್ ಮಾಡಬಹುದಿತ್ತು. ಆದರೆ ಜೀವಮಾನವಿಡೀ ಬಂದೂಕು ಹಾರಿಸಿ ಕಿವಿ ಕಳೆದುಕೊಂಡ ನಿನಗೆ ಫೋನ್ ಮಾಡಿದರೆ ನಮ್ಮ ಬೀದಿಗೆಲ್ಲ ಕೇಳುತ್ತದೆ, ನಿನಗೊಬ್ಬನಿಗೆ ಬಿಟ್ಟು.

ಅಕ್ಕ ಹೋಗಿ ಎರಡು ವರ್ಷವಾಯಿತು. ರಾತ್ರಿ ಏನು ತಿನ್ನುತ್ತೀಯ? ಡಬ್ಬಿಯ ಸೂಪು ಊಟವಲ್ಲ ಭಾವ, ಅದು ಶಿಕ್ಷೆ.

ನಿನ್ನ ಭಾಮೈದ,
ಹೋಲಿಸ್


ಸ್ಯಾಮನ್, ಐಡಹೊ
೨೭ ಜೂನ್ ೨೦೧೧

ಹೋಲಿಸ್,

ನಿನ್ನ ಪತ್ರ ಬಂದಾಗ ನಾನು ಲೇತ್ ನಡೆಸುತ್ತಿದ್ದೆ. ನಿಲ್ಲಿಸಿ ಓದಿದೆ. ಮೇರಿಬೆತ್ ಹೋದಮೇಲೆ ಈ ಶೆಡ್ಡಿನಲ್ಲಿ ಯಾರಾದರೂ ಗಟ್ಟಿಯಾಗಿ ನಕ್ಕಿದ್ದು ಇದೇ ಮೊದಲು. ನಕ್ಕವನು ನಾನೇ ಅಂತ ಆಮೇಲೆ ಗೊತ್ತಾಯಿತು.

ಮಾಡಿಕೊಡುತ್ತೇನೆ. ತೋಟಾ ಏಳು ಮಿಲಿಮೀಟರ್ ಮ್ಯಾಗ್ನಮ್. ಒದೆತ ಇದೆ, ಆದರೆ ನೀನು ಕುದುರೆ ಒದ್ದರೂ ಕಾಫಿ ಚೆಲ್ಲದವನು. ನಳಿಕೆ ಇಪ್ಪತ್ತಾರು ಇಂಚು, ಒಳಗೆ ಕೈಯಲ್ಲೇ ಉಜ್ಜಿ ನಯ ಮಾಡಿದ್ದು. ಅದನ್ನು ಮಾಡುವ ಮುದುಕ ಈಗ ವರ್ಷಕ್ಕೆ ಕೆಲವೇ ಮಾಡುತ್ತಾನೆ, ಅವನಿಗೆ ಪತ್ರ ಹಾಕಿದ್ದೇನೆ. ಮರ ವಾಲ್‌ನಟ್. ಹತ್ತು ವರ್ಷದಿಂದ ಅಟ್ಟದ ಮೇಲೆ ಒಣಗುತ್ತಿರುವ ಹಲಗೆಯೊಂದಿದೆ. ಯಾರಿಗೆಂದು ಎತ್ತಿಟ್ಟಿದ್ದೆನೋ ನನಗೇ ಗೊತ್ತಿರಲಿಲ್ಲ.

ಅಂಗಡಿಗೆ ಬರುವವರೆಲ್ಲ ನಿಖರತೆ ಅನ್ನುವುದನ್ನು ಸಾಮಾನು ಅಂದುಕೊಂಡಿರುತ್ತಾರೆ, ತಂದು ತಿರುಪು ಹಾಕಿ ಕೂರಿಸುವಂಥದ್ದು. ತಾಗಬೇಕಾದ್ದು ಸಮವಾಗಿ ತಾಗಬೇಕು, ತಾಗಬಾರದ್ದು ತಾಗಲೇಬಾರದು, ಇಷ್ಟೇ ಅದು. ತೋಟಾವನ್ನು ನಳಿಕೆಗೆ ತಳ್ಳಿ ಬೀಗ ಹಾಕುವ ಬೋಲ್ಟಿನ ಎರಡು ಕಿವಿಗಳೂ ಒಂದೇ ಸಮ ಕೂರಬೇಕು. ನಳಿಕೆಗೂ ಮರಕ್ಕೂ ನಡುವೆ ಒಂದು ಕಾಗದ ಸಲೀಸಾಗಿ ಓಡಾಡಬೇಕು. ಉಳಿದದ್ದು ಹೊಡೆಯುವವನ ಮೈ.

ಅದಕ್ಕೇ ಅಳತೆ ಬೇಕು. ಬೇಟೆಯ ಕೋಟು ಹಾಕಿಕೊಂಡು ಮೊಣಕೈ ಮಡಿಸಿ ನಿಲ್ಲು; ಮಡಿಕೆಯಿಂದ ತೋರುಬೆರಳಿನ ಗೆಣ್ಣಿನವರೆಗೆ ಲೆನೋರ ಅಳೆಯಲಿ. ಭುಜ, ಕುತ್ತಿಗೆ, ಕೆನ್ನೆ, ಎಲ್ಲ.

ಬಂದೂಕಿನ ಮೇಲೆ ಕೂರುವ ದುರ್ಬೀನಿನಲ್ಲಿ ದೂರ ಹೊಂದಿಸುವ ಚಕ್ರವನ್ನು ನಮ್ಮ ಮೇಲಿನ ಬಿಡಾರಕ್ಕೆ ಸರಿಯಾಗಿ, ಎಂಟು ಸಾವಿರ ಅಡಿಗೆ ಕೊರೆಸುತ್ತೇನೆ. ಅಲ್ಲಿ ಗಾಳಿ ತೆಳು, ಗುಂಡು ಕಡಿಮೆ ಇಳಿಯುತ್ತದೆ. ಕೆಳಗಿನ ಗಾಳಿಗೆ ಕೊರೆಸಿದ ಚಕ್ರ ಮೇಲೆ ಸುಳ್ಳು ಹೇಳುತ್ತದೆ.

ಏಳುನೂರು ಗಜದ ಮಾತು ತಮಾಷೆ ಅಂದುಕೊಂಡಿದ್ದೇನೆ. ನಮ್ಮ ಮನೆ ಕಾನೂನು ಗೊತ್ತಲ್ಲ: ಮುನ್ನೂರರಾಚೆ ಇದ್ದರೆ ಎದ್ದು ಹತ್ತಿರಕ್ಕೆ ನಡಿ.

ಸೂಪು ಬಿಟ್ಟಿದ್ದೇನೆ. ಈಗ ಡಬ್ಬಿಯ ಬೀನ್ಸು.

ವರ್ನನ್


ಶೋಟೋ
೯ ಜುಲೈ ೨೦೧೧

ಪ್ರಿಯ ಭಾವ,

ಅಳತೆಯ ಮಹಾಕಾರ್ಯ ಅಡುಗೆಮನೆಯಲ್ಲಿ ನೆರವೇರಿತು. ಬೇಸಗೆಯ ಬಿಸಿಲಿನಲ್ಲಿ ಉಣ್ಣೆ ಕೋಟು ಹಾಕಿಕೊಂಡು ನಾನು ಪ್ರತಿಮೆಯ ಹಾಗೆ ನಿಂತೆ. ಲೆನೋರ ಟೇಪು ಹಿಡಿದು ಸುತ್ತ ಪ್ರದಕ್ಷಿಣೆ ಬಂದಳು.

"ಕೋಟು ನಿನ್ನದೇನಾ? ಒಳಗೆ ಇನ್ನೊಬ್ಬನಿಗೆ ಜಾಗ ಇದೆ."

"ಸಕ್ಕರೆ ನಿಲ್ಲಿಸಿದವಳು ಯಾರು?"

"ನಾನು ನಿಲ್ಲಿಸಿದ್ದು ಸಕ್ಕರೆ. ನೀನು ನಿಲ್ಲಿಸಿದ್ದು ಊಟ."

ಹೆಂಗಸರು ಹೀಗೇ ಉತ್ಪ್ರೇಕ್ಷೆ ಮಾಡುತ್ತಾರೆ. ಅಳತೆಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಜೊತೆಗೆ ಕೆಲವು ಸಣ್ಣಪುಟ್ಟ ಬದಲಾವಣೆ. ದಯವಿಟ್ಟು ಕೂತುಕೊಂಡು ಓದು.

ಏಳು ಮಿಲಿಮೀಟರಿನ ದೈತ್ಯ ಬೇಡ, ಆರೂವರೆಯದು ಸಾಕು. ಒದೆತ ಕಡಿಮೆ ಇರಲಿ, ಎಷ್ಟು ಕಡಿಮೆಯಾದರೆ ಅಷ್ಟು. ಬಂದೂಕು ಹಗುರ ಇರಲಿ. ಮತ್ತೆ, ಎಡಗೈಯವರದು ಮಾಡು. ಬೋಲ್ಟು ಎಡಕ್ಕೆ, ಕೆನ್ನೆ ಒರಗಿಸುವ ಮರ ಎಡಗೆನ್ನೆಗೆ. ಹಿಂದೊಮ್ಮೆ ಆ ಬಿಳಿ ಹೆಣ್ಣುಕುದುರೆ ಬೇಲಿಯ ಮೇಲೆ ಎಸೆದಿತ್ತಲ್ಲ, ಆ ಬಲಭುಜ ಈಗ ಹಳೆ ಬಾಕಿ ವಸೂಲಿ ಮಾಡುತ್ತಿದೆ.

ಏಳುನೂರು ಗಜ ತಮಾಷೆಯಲ್ಲ. ಅದೊಂದನ್ನು ಬಿಟ್ಟುಕೊಡಲಾರೆ.

ಲೆನೋರ ಚೋಕ್‌ಚೆರಿ ಜಾಮ್ ಕಳಿಸಿದ್ದಾಳೆ. ಬ್ರೆಡ್ಡಿಗೆ ಹಚ್ಚಿ ತಿನ್ನಬೇಕಂತೆ, ಚಮಚದಲ್ಲಿ ಅಲ್ಲವಂತೆ.

ಹೋಲಿಸ್


ಸ್ಯಾಮನ್
೧೬ ಜುಲೈ ೨೦೧೧

ಹೋಲಿಸ್,

ವಾಲ್‌ನಟ್ ಹಲಗೆಯ ಅರ್ಧವನ್ನು ಬಲಗೈಗೆ ಆಗಲೇ ಕೊರೆದಾಗಿತ್ತು. ಬಲಗೈ ಬೋಲ್ಟನ್ನು ವಾರವಿಡೀ ಕೂತು ಸರಿಮಾಡಿದ್ದೆ. ಅದು ಹೋಗಲಿ.

ಹಗುರ ಬಂದೂಕು ಜೋರಾಗಿ ಒದೆಯುತ್ತದೆ. ಒದೆಯದ ಬಂದೂಕು ಭಾರವಿರುತ್ತದೆ. ಹಗುರವೂ ಇರಬೇಕು, ಒದೆಯಲೂಬಾರದು, ಏಳುನೂರು ಗಜವೂ ಹೊಡೆಯಬೇಕು ಅನ್ನುವವನು ಬಂದೂಕು ಕೇಳುತ್ತಿಲ್ಲ, ಹಾಸಿಗೆ ಕೇಳುತ್ತಿದ್ದಾನೆ.

ನಿನ್ನಂಥವರು ಈಗ ವಾರಕ್ಕೊಬ್ಬರು ಬರುತ್ತಾರೆ. ಮೊನ್ನೆ ಬಾಯ್ಸಿಯಿಂದ ಒಬ್ಬ ಹಲ್ಲಿನ ಡಾಕ್ಟರು ಬಂದಿದ್ದ. "ಸಾವಿರ ಗಜ ಹೊಡೆಯುತ್ತಾ?" ಅಂದ. "ಬಂದೂಕು ಹೊಡೆಯುತ್ತೆ. ನೀವು?" ಅಂದೆ. ಎದ್ದು ಹೋದ. ಅವನಿಗೆ ಬೆಟ್ಟ ಬೇಡ, ಬೆವರು ಬೇಡ, ಟಗರಿನ ವಾಸನೆ ಬೇಡ. ಕಣಿವೆಯ ಈಚೆ ದಿಂಬಿಗೊರಗಿ ಆಚೆಯ ಜೀವ ತೆಗೆಯಬೇಕು. ಪೆಟ್ಟು ಹೊಟ್ಟೆಗೆ ಬಿದ್ದರೆ ಆ ಪ್ರಾಣಿ ಮೂರು ದಿನ ನರಳಿ ಸಾಯುತ್ತದೆ. ಇವನು ಅಷ್ಟರಲ್ಲಿ ಮನೆ ಸೇರಿರುತ್ತಾನೆ.

ಇದನ್ನೆಲ್ಲ ನಿನಗೆ ಬರೆಯಬೇಕಾಯಿತಲ್ಲ ಅಂತ ನಾಚಿಕೆ. ಟಗರಿಗಾಗಿ ಇಡೀ ದಿನ ಹೊಟ್ಟೆಯ ಮೇಲೆ ತೆವಳುವುದನ್ನು ನನಗೆ ಕಲಿಸಿದವನು ನೀನು.

ನಡೆಯಲು ಮನಸ್ಸಿಲ್ಲದವನು ಬೆಟ್ಟದ ಟಗರಿನ ತಂಟೆಗೆ ಹೋಗಬಾರದು. ಚೀಟಿ ವಾಪಸು ಕೊಡು. ಕಾಲಿರುವವನು ಯಾರಾದರೂ ಹೋಗಲಿ.

ವರ್ನನ್


ಶೋಟೋ
೨೨ ಆಗಸ್ಟ್ ೨೦೧೧

ಪ್ರಿಯ ವರ್ನನ್,

ಉತ್ತರ ತಡವಾಯಿತು. ಕ್ಷಮಿಸು.

ನೀನು ಬರೆದದ್ದೆಲ್ಲ ಸರಿ. ಹಗುರ ಬೇಕೆಂದು ಕೇಳಿದ್ದು ನನ್ನ ತಪ್ಪು. ಎಷ್ಟು ಭಾರವಿದ್ದರೂ ಆಗುತ್ತದೆ, ನಾನು ಅದನ್ನು ಹೊರುವುದಿಲ್ಲ. ಎಡಗೈ ಮತ್ತು ಒದೆತದ ಮಾತು ಮಾತ್ರ ಬದಲಾಗುವುದಿಲ್ಲ. ನಿನಗೆ ಮನಸ್ಸಿಲ್ಲದಿದ್ದರೆ ಬೇರೆ ಯಾರಾದರೂ ಮಾಡುವವರ ಹೆಸರು ಹೇಳು, ಬೇಸರವಿಲ್ಲ.

ಮಾಡುವೆಯಾದರೆ ಒಂದು ತಿದ್ದುಪಡಿ. ಚಕ್ರವನ್ನು ಎಂಟು ಸಾವಿರ ಅಡಿಗೆ ಕೊರೆಸಬೇಡ. ನಾಲ್ಕು ಸಾವಿರದ ಎಂಟುನೂರಕ್ಕೆ ಕೊರೆಸು. ನವೆಂಬರ್ ಕೊನೆಯ ವಾರದ ಚಳಿಗೆ.

ಲೆನೋರ ನಮಸ್ಕಾರ ಹೇಳಿದ್ದಾಳೆ.

ಇಂತಿ,
ಹೋಲಿಸ್ ಲಿಂಡಾಲ್


ಸ್ಯಾಮನ್
೨೯ ಆಗಸ್ಟ್ ೨೦೧೧

ಹೋಲಿಸ್,

ನಾಲ್ಕು ಸಾವಿರದ ಎಂಟುನೂರು ಅಡಿಯಲ್ಲಿ ಟಗರು ಇರುವುದಿಲ್ಲ. ಅಲ್ಲಿರುವುದು ರಸ್ತೆ ಮುಗಿಯುವ ಜಾಗ, ಕೆರೆಯ ದೋಣಿಕಟ್ಟೆ. ಅಲ್ಲಿಂದ ಎದುರಿನ ಬಂಡೆಗೋಡೆ ಹೆಚ್ಚುಕಡಿಮೆ ಏಳುನೂರು ಗಜ. ನವೆಂಬರ್ ಕೊನೆಗೆ ಟಗರುಗಳು ಹೆಣ್ಣು ಹುಡುಕಿಕೊಂಡು ಆ ಬಂಡೆಗೆ ಇಳಿಯುತ್ತವೆ.

ನಿನ್ನ ಪತ್ರವನ್ನು ಬೆಂಚಿನ ಮೇಲಿಟ್ಟು ಮೂರು ದಿನ ಅದರ ಸುತ್ತ ಕೆಲಸ ಮಾಡಿದೆ.

ಮೇರಿಬೆತ್‌ಗೂ ಬಲಗಡೆಯೇ ಇಟ್ಟಿದ್ದರು. ಕ್ಯಾನ್ಸರಿನ ಔಷಧಿ ಹಾಕುವ ಆ ಪುಟ್ಟ ಡಬ್ಬಿ, ಕಾಲರ್ ಮೂಳೆಯ ಕೆಳಗೆ, ಚರ್ಮದೊಳಗೆ. ಕಾರಿನ ಬೆಲ್ಟು ತಾಗಿದರೂ ನೋಯುತ್ತಿತ್ತು. ನಾನು ಬೆಲ್ಟಿಗೆ ಕುರಿಯ ತುಪ್ಪಟ ಸುತ್ತಿದ್ದೆ. ಬಂದೂಕಿನ ಹಿಂಬದಿ ಕೂರುವುದು ಸರಿಯಾಗಿ ಅದೇ ಜಾಗದಲ್ಲಿ.

ಎಲ್ಲಿ, ಯಾವಾಗಿನಿಂದ, ಎಷ್ಟು. ಒಂದೇ ಒಂದು ಪತ್ರ ತಮಾಷೆಯಿಲ್ಲದೆ ಬರೆ.

ವರ್ನನ್


ಶೋಟೋ
೬ ಸೆಪ್ಟೆಂಬರ್ ೨೦೧೧

ಪ್ರಿಯ ಭಾವ,

ತಮಾಷೆಯಿಲ್ಲದ ಪತ್ರ ಬರೆಯಲು ನಾಲ್ಕು ಹಾಳೆ ಹಾಳುಮಾಡಿದೆ. ಇದು ಐದನೆಯದು.

ಕರುಳಿನಲ್ಲಿ ಶುರು. ಫೆಬ್ರವರಿಯಲ್ಲಿ ಗೊತ್ತಾಯಿತು. ಈಗ ಯಕೃತ್ತಿನಲ್ಲೂ ಇದೆ. ವಾರ ಬಿಟ್ಟು ವಾರ ಗ್ರೇಟ್ ಫಾಲ್ಸ್‌ಗೆ ಹೋಗಿ ಕುರ್ಚಿಯಲ್ಲಿ ಕೂರುತ್ತೇನೆ, ಔಷಧಿ ತೊಟ್ಟಿಕ್ಕುತ್ತದೆ. ಪಕ್ಕದ ಕುರ್ಚಿಯ ಗೋಧಿ ರೈತನೊಬ್ಬ ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ. ಡಾಕ್ಟರಮ್ಮ ಒಳ್ಳೆಯವಳು. "ಕ್ರಿಸ್‌ಮಸ್‌ಗೆ ಏನಾದ್ರೂ ಯೋಜನೆ ಹಾಕ್ಕೊಂಡಿದೀರಾ?" ಅಂದಳು. "ನವೆಂಬರಿಗೆ ಹಾಕ್ಕೊಂಡಿದೀನಿ" ಅಂದೆ. "ಅದೇ ವಾಸಿ" ಅಂದಳು. ಅವಳು ಅದಕ್ಕಿಂತ ಸ್ಪಷ್ಟವಾಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮನೆಯಿಂದ ಅಂಚೆಪೆಟ್ಟಿಗೆಯವರೆಗೆ ನಡೆಯುತ್ತೇನೆ. ಬರುವಾಗ ನಡುವೆ ಒಂದು ಕಡೆ ನಿಲ್ಲುತ್ತೇನೆ. ಮನಸ್ಸಿಲ್ಲದೆ ಅಲ್ಲ ಭಾವ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನೀನು ಅಕ್ಕನ ಹಾಸಿಗೆ ಪಕ್ಕ ಹದಿನಾಲ್ಕು ತಿಂಗಳು ಕೂತು ಎದ್ದವನು. ಈಗಷ್ಟೇ ಸೂಪಿನಿಂದ ಬೀನ್ಸಿಗೆ ಬಂದಿದ್ದೀಯ. ನಮ್ಮ ಮನೆಯವರೇ ಸರದಿಯ ಪ್ರಕಾರ ಬಂದು ನಿನ್ನ ಊಟ ಕೆಡಿಸುವುದು ಸರಿಯಲ್ಲ ಅನ್ನಿಸಿತು. ಜೊತೆಗೆ, ಈ ಊರಿನಲ್ಲಿ ಎಲ್ಲರೂ ನನ್ನ ಜೊತೆ ಮೆಲ್ಲಗೆ, ತಲೆ ಓರೆ ಮಾಡಿಕೊಂಡು ಮಾತಾಡುತ್ತಾರೆ. ಬೈಯುವವನು ಒಬ್ಬನಾದರೂ ಇರಲಿ ಅಂತ ಆಸೆಯಿತ್ತು. ಜುಲೈನಲ್ಲಿ ನೀನು ಚೆನ್ನಾಗಿಯೇ ಬೈದೆ.

ದೂರದ ಬಂದೂಕು ಬೇಕೆಂದದ್ದು ದೋಣಿಕಟ್ಟೆಯಿಂದಾಚೆ ನನ್ನ ಕಾಲು ಹೋಗುವುದಿಲ್ಲ ಅಂತ. ನಿನ್ನ ಹಲ್ಲಿನ ಡಾಕ್ಟರಿಗೂ ನನಗೂ ನಡುವೆ ಇರುವುದು ಅಷ್ಟೇ ವ್ಯತ್ಯಾಸ. ಒಂದು ಮಾತು ಕೊಡುತ್ತೇನೆ: ಪೆಟ್ಟು ನೂರಕ್ಕೆ ನೂರು ಖಾತ್ರಿ ಅನ್ನಿಸದಿದ್ದರೆ ಟ್ರಿಗರ್ ಮುಟ್ಟುವುದಿಲ್ಲ.

ನಿನ್ನ ಭಾಮೈದ,
ಹೋಲಿಸ್


ಸ್ಯಾಮನ್
೧೫ ಅಕ್ಟೋಬರ್ ೨೦೧೧

ಹೋಲಿಸ್,

ಬಂದೂಕು ಹೊರಟಿದೆ. ಶೋಟೋದ ಬಂದೂಕಿನಂಗಡಿಗೆ ಬರುತ್ತದೆ, ಅಲ್ಲಿ ಸಹಿ ಹಾಕಿ ತೆಗೆದುಕೋ.

ಎಡಗೈ ಬೋಲ್ಟು. ಎರಡು ಕಿವಿಗಳನ್ನೂ ಮಸಿ ಹಚ್ಚಿ ನೋಡಿ ಉಜ್ಜಿದೆ. ಈಗ ಎರಡರಲ್ಲೂ ಮಸಿ ಒಂದೇ ಸಮ ಅಳಿಸುತ್ತದೆ. ನಳಿಕೆಯನ್ನು ಕೂರಿಸುವಾಗ ಲೇತನ್ನು ಎಷ್ಟು ನಿಧಾನ ಓಡಿಸಿದೆ ಅಂದರೆ ಪಕ್ಕದ ಮನೆಯ ವಿಲ್ಮಾ ಬಂದು ಕರೆಂಟು ಹೋಗಿದೆಯಾ ಅಂತ ಕೇಳಿದಳು. ಆರೂವರೆ ಮಿಲಿಮೀಟರ್. ಒಟ್ಟು ತೂಕ ಹನ್ನೆರಡು ಪೌಂಡ್. ನಳಿಕೆಯ ತುದಿಗೆ ಒದೆತ ತಗ್ಗಿಸುವ ತೂತಿನ ಮೂತಿ ಹಾಕಿದ್ದೇನೆ. ಅದು ನನಗೆ ಹಿಡಿಸದ ಸಾಮಾನು, ಮಹಾ ಗದ್ದಲ. ಕಿವಿಗೆ ಹತ್ತಿ ಇಟ್ಟುಕೋ, ನನ್ನ ಹಾಗಾಗಬೇಡ. ಹಿಂಬದಿಯ ಮೆತ್ತೆ ಎಡಭುಜದ ಹೊರ ಅಂಚಿಗೆ ಕೂರುವ ಹಾಗೆ ಓರೆ ಕೊಟ್ಟಿದ್ದೇನೆ.

ಮರ ಅದೇ ಹಲಗೆಯ ಇನ್ನೊಂದರ್ಧ. ಎಡಗೆನ್ನೆಯ ಕಡೆ ಒಂದು ಸುಳಿ ಬಂದಿದೆ. ಮೊದಲನೆಯ ಅರ್ಧದಲ್ಲಿ ಅದಿರಲಿಲ್ಲ.

ನನ್ನ ಬೆಂಚಿನಿಂದ, ಗಾಳಿಯಿಲ್ಲದ ಬೆಳಗ್ಗೆ, ಏಳುನೂರು ಗಜಕ್ಕೆ ಐದು ಗುಂಡು ಹಾರಿಸಿದೆ. ಗುರಿಹಾಳೆ ಜೊತೆಗಿಟ್ಟಿದ್ದೇನೆ. ಐದರ ಮೇಲೂ ನಿನ್ನ ಅಂಗೈ ಇಟ್ಟರೆ ಮುಚ್ಚಿಹೋಗುತ್ತದೆ. ಇದಕ್ಕಿಂತ ಒಳ್ಳೆಯದನ್ನು ನಾನು ಮಾಡಿಲ್ಲ.

ಚಕ್ರ ಎರಡು ಕೊರೆಸಿದ್ದೇನೆ. ಒಂದು ದೋಣಿಕಟ್ಟೆಯದು, ಅದು ದುರ್ಬೀನಿನ ಮೇಲೇ ಇದೆ. ಇನ್ನೊಂದು ಎಂಟು ಸಾವಿರ ಅಡಿಯದು, ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಯಾಕೆ ಅಂತ ಕೇಳಬೇಡ.

ಟ್ರಿಗರ್ ಹಗುರ ಮಾಡಿದ್ದೇನೆ. ಉಸಿರು ಬಿಟ್ಟ ಹಾಗೆ ಒತ್ತು.

ನನ್ನ ಜುಲೈ ಪತ್ರವನ್ನು ಒಲೆಗೆ ಹಾಕು. ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ನಾನು ಬರುತ್ತೇನೆ. ಪಕ್ಕದಲ್ಲಿ ಕೂತು ದೂರ ಓದಿ ಹೇಳುತ್ತೇನೆ. ನೀನು ಗಟ್ಟಿಯಾಗಿ ಮಾತಾಡಬೇಕಷ್ಟೆ.

ವರ್ನನ್


ಶೋಟೋ
೨೭ ನವೆಂಬರ್ ೨೦೧೧

ಪ್ರಿಯ ಭಾವ,

ಕಣಿವೆದಾರಿ ಹಿಮಕ್ಕೆ ಮುಚ್ಚಿ ನೀನು ಅರ್ಧದಲ್ಲಿ ಹಿಂದಿರುಗಿದ್ದು ವಿಲ್ಮಾ ಫೋನ್ ಮಾಡಿ ಹೇಳಿದಳು. ಒಂದು ದೃಷ್ಟಿಯಿಂದ ಒಳ್ಳೆಯದಾಯಿತು. ನಡೆದದ್ದನ್ನು ಕಣ್ಣಾರೆ ಕಂಡಿದ್ದರೆ ನೀನು ಆ ಬಂದೂಕನ್ನು ಕೆರೆಗೆ ಎಸೆಯುತ್ತಿದ್ದೆ.

ಬಂದೂಕಿನ ವಿಷಯ ಮೊದಲು. ಪೆಟ್ಟಿಗೆ ತೆಗೆದಾಗ ಲೆನೋರ "ಇದನ್ನ ಹೊರಗೆ ತಗೊಂಡು ಹೋಗ್ತೀಯಾ? ಗೀಚುಬಿದ್ರೆ?" ಅಂದಳು. ನಲವತ್ತು ವರ್ಷ ಬಂದೂಕುಗಳನ್ನು ಕೊಡೆಗಳ ಜೊತೆ ನಿಲ್ಲಿಸಿದವಳು ಅದನ್ನು ಊಟದ ಮೇಜಿನ ಮೇಲೆ ಮಲಗಿಸಿ ಮೇಜುಬಟ್ಟೆ ಹೊದಿಸಿದಳು. ಆ ವಾರವಿಡೀ ನಾವು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡೆವು.

ಜಲ್ಲಿಗುಂಡಿಗೆ ಹೋಗಿ ಅಭ್ಯಾಸ ಮಾಡಿದೆ. ನೂರು ಗಜದಲ್ಲಿ ತೂತಿನ ಮೇಲೆ ತೂತು. ನಾಲ್ಕುನೂರಕ್ಕೂ ಬಂತು. ಆಮೇಲೆ ಚಳಿ ಬಿತ್ತು. ಈ ಔಷಧಿಯದೊಂದು ಗುಣವಿದೆ, ಬೆರಳತುದಿಗಳನ್ನು ಅದು ತಿಂದುಬಿಡುತ್ತದೆ. ಅಂಗಿಯ ಗುಂಡಿ ಹಾಕುವಾಗ ಬೆರಳಿಗೂ ಗುಂಡಿಗೂ ನಡುವೆ ಯಾರೋ ಕಂಬಳಿ ಇಟ್ಟಂತಿರುತ್ತದೆ. ಚಳಿಯಲ್ಲಿ ಇನ್ನೂ ಹೆಚ್ಚು. ಆರುನೂರು ಗಜಕ್ಕೆ ಗುರಿ ಹಿಡಿದು, ಉಸಿರು ಬಿಡುವ ಮೊದಲೇ ಬಂದೂಕು ಹಾರಿತು. ಬೆರಳು ಟ್ರಿಗರ್ ಮೇಲೆ ಬಂದಾಗಿದೆ ಅಂತ ನನಗೆ ತಿಳಿದೇ ಇರಲಿಲ್ಲ. ಗುಂಡು ದಿಬ್ಬಕ್ಕೆ ಹೋಯಿತು, ಯಾರಿಗೂ ಏನೂ ಆಗಲಿಲ್ಲ. ನಾನು ಬೋಲ್ಟು ತೆರೆದು ತುಂಬ ಹೊತ್ತು ಸುಮ್ಮನೆ ಮಲಗಿದ್ದೆ. ನಿನ್ನ ಬಂದೂಕು ಏಳುನೂರು ಗಜದ್ದು, ಭಾವ. ನಾನು ನೂರು ಗಜದವನು.

ಆದರೂ ಹೋದೆವು. ಲೆನೋರ ಗಾಡಿ ಓಡಿಸಿದಳು. ದೋಣಿಕಟ್ಟೆಯ ಪಕ್ಕ ಚಾಪೆ, ಚಾಪೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ನಾನು, ನನ್ನ ಮೇಲೆ ಇನ್ನೆರಡು ಕಂಬಳಿ. ಬೆಳಕು ಹರಿದಾಗ ಎದುರಿನ ಬಂಡೆಯಲ್ಲಿ ಮೂರು ಟಗರು. ನಡುವಿನದು ದೊಡ್ಡದು, ಕೊಂಬು ಪೂರ್ತಿ ಒಂದು ಸುತ್ತು ಬಂದು ಕೆನ್ನೆ ದಾಟಿತ್ತು. ಆರುನೂರ ನಲವತ್ತು ಗಜ. ಗಾಳಿ ಎಳ್ಳಷ್ಟೂ ಇಲ್ಲ. ಅದು ಅಡ್ಡ ತಿರುಗಿ ನಿಂತಿತು. ಎಂಥವನಿಗೂ ಜೀವಮಾನಕ್ಕೊಮ್ಮೆ ಸಿಗದ ಹಾಗೆ ನಿಂತಿತು.

ನಿನ್ನ ದುರ್ಬೀನಿನಲ್ಲಿ ಅದರ ಉಸಿರು ಕಾಣುತ್ತಿತ್ತು. ನಾನು ತೋಟಾವನ್ನು ನಳಿಕೆಗೆ ತಳ್ಳಲೇ ಇಲ್ಲ.

"ಯಾಕೆ?" ಅಂದಳು ಲೆನೋರ.

"ಬೆರಳು ಇಲ್ಲಿಲ್ಲ" ಅಂದೆ.

ಅವಳು ತನ್ನ ಕೈಗವಸು ಬಿಚ್ಚಿ ನನ್ನ ಕೈಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಬಿಸಿಯಾಯಿತು. ಬೆರಳು ಬರಲಿಲ್ಲ. ಟಗರುಗಳು ಒಂದರ ಹಿಂದೆ ಒಂದು ಮೇಲೆ ಹತ್ತಿ ಹೋದವು.

ಈಗ ನಿನ್ನ ಮರ್ಯಾದೆಗೆ ಧಕ್ಕೆ ತರುವ ಭಾಗ. ಚಾಪೆ ಸುತ್ತಿ ಗಾಡಿಯೊಳಗೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದೆವು. ಗಾಡಿ ಅಲ್ಲಾಡಿತು. ನೋಡಿದರೆ ಬೇರೊಂದು ಟಗರು, ಚೀಟಿಗೆ ಒಪ್ಪುವಂಥದ್ದೇ, ಹಿಮ ಕರಗಲೆಂದು ರಸ್ತೆಗೆ ಸುರಿದು ನಮ್ಮ ಮುಂದಿನ ಬಂಪರಿಗೆ ಮೆತ್ತಿದ್ದ ಉಪ್ಪನ್ನು ಶ್ರದ್ಧೆಯಿಂದ ನೆಕ್ಕುತ್ತಿದೆ. ನಾನು ಬಂದೂಕೆತ್ತಿ ನಿನ್ನ ದುರ್ಬೀನಿನಲ್ಲಿ ನೋಡಿದೆ. ಬರೀ ಕೂದಲು.

"ನೂರು ಗಜದೊಳಗಿದ್ರೆ ಹೊಡೀತೀನಿ ಅಂದಿದ್ದೆ" ಅಂದಳು ಲೆನೋರ ಪಿಸುಮಾತಿನಲ್ಲಿ. "ಇವನು ಎರಡು ಗಜದಲ್ಲಿದ್ದಾನೆ."

"ರಸ್ತೆ ಮೇಲಿಂದ ಹೊಡೆಯೋ ಹಾಗಿಲ್ಲ. ಕಾನೂನು."

"ಕಾನೂನು ಪಕ್ಕಕ್ಕಿಡು. ನಿನಗೆ?"

"ಬಂಪರು ನೆಕ್ಕೋನನ್ನ ಹೊಡೆದು ಭಾವನಿಗೆ ಏನಂತ ಬರೀಲಿ?"

ನಗು ಬಂತು. ಶುರುವಾದದ್ದು ನಗುವಾಗಿಯೇ. ಮುಗಿದದ್ದು ಹಾಗಲ್ಲ. ಲೆನೋರ ಕಿಟಕಿಯಾಚೆ ನೋಡುತ್ತ ಕೂತಳು. ಟಗರು ನಂಬರ್ ಪ್ಲೇಟನ್ನೂ ಶುದ್ಧ ಮಾಡಿ ಹೋಯಿತು.

ಇನ್ನು ಮೂರು ದಿನಕ್ಕೆ ಚೀಟಿಯ ಅವಧಿ ಮುಗಿಯುತ್ತದೆ. ನಾನು ಮತ್ತೆ ಹೋಗುವುದಿಲ್ಲ. ಬಂದೂಕಿಗೆ ಯಾವ ದೋಷವೂ ಇಲ್ಲವೆಂದು ಬರೆದಿಟ್ಟುಕೋ.

ಹೋಲಿಸ್


ಸ್ಯಾಮನ್
೩ ಡಿಸೆಂಬರ್ ೨೦೧೧

ಹೋಲಿಸ್,

ಪತ್ರವನ್ನು ಎರಡು ಸಲ ಓದಿದೆ. ವಿಲ್ಮಾಗೂ ಓದಿ ಹೇಳಿದೆ, ಟಗರಿನ ಭಾಗ ಮಾತ್ರ.

ಟ್ರಿಗರನ್ನು ನಾಲ್ಕು ಪೌಂಡಿಗೆ ಬಿಗಿ ಮಾಡಿದ್ದರೆ ಬೆರಳಿಗೆ ಗೊತ್ತಾಗುತ್ತಿತ್ತೋ ಏನೋ. ಮೇರಿಬೆತ್‌ಗೂ ಹೀಗೇ ಆಗಿತ್ತು, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ನಾನು ಪೋಣಿಸಿ ಕೊಡುತ್ತಿದ್ದೆ. ಬಂದೂಕು ಮಾಡುವಾಗ ನನಗೆ ಅದು ಹೊಳೆಯಲಿಲ್ಲ. ಮೂಳೆ, ಭುಜ, ಕೆನ್ನೆ ಎಲ್ಲ ಅಳೆಸಿದೆ. ಬೆರಳತುದಿಯನ್ನು ಕೇಳಲಿಲ್ಲ.

ಬೋಲ್ಟು ತೆರೆದು ಸುಮ್ಮನಾದೆಯಲ್ಲ, ಅದನ್ನು ನಾನು ಯಾವ ಗಿರಾಕಿಗೂ ಕಲಿಸಲು ಆಗಿಲ್ಲ.

ದಾರಿ ತೆರೆದ ದಿನ ಹೊರಡುತ್ತೇನೆ.

ವರ್ನನ್


ಶೋಟೋ
೧೧ ಡಿಸೆಂಬರ್ ೨೦೧೧

ಪ್ರಿಯ ಭಾವ,

ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳುವವನು ನಾನು, ಬರೆಯುವವಳು ಲೆನೋರ. ಪೆನ್ನು ಈಚೆಗೆ ನನ್ನ ಮಾತು ಕೇಳುತ್ತಿಲ್ಲ. (ಇವನು ಯಾವತ್ತು ಯಾರ ಮಾತು ಕೇಳಿದ್ದಾನೆ? — ಲೆ.)

ಔಷಧಿ ನಿಲ್ಲಿಸಿದರು. ಗ್ರೇಟ್ ಫಾಲ್ಸ್‌ನ ಕುರ್ಚಿ ಖಾಲಿಯಾಯಿತು. ಆ ಗೋಧಿ ರೈತ ಈಗ ಯಾರಿಗೆ ಮೋಸ ಮಾಡುತ್ತಾನೋ. ಹಾಸಿಗೆಯನ್ನು ಪಶ್ಚಿಮದ ಕಿಟಕಿಗೆ ಎಳೆದಿದ್ದಾರೆ. ಬೆಟ್ಟಸಾಲು ಪೂರ್ತಿ ಕಾಣುತ್ತದೆ. ನೋವಿಗೆ ಹನಿ ಕೊಡುತ್ತಾರೆ, ಅದು ಒಳ್ಳೆಯ ಸಾಮಾನು. ಬೆರಳು ಮಾತ್ರ ಇನ್ನೂ ವಾಪಸು ಬಂದಿಲ್ಲ, ಬರುವ ಅಂದಾಜೂ ಇಲ್ಲ.

ನಿನ್ನ ಪತ್ರದ ಬೆರಳತುದಿಯ ವಿಷಯ. ಅದನ್ನು ಕೇಳದೆ ಇದ್ದದ್ದು ನೀನಲ್ಲ, ಹೇಳದೆ ಇದ್ದದ್ದು ನಾನು. ಸೆಪ್ಟೆಂಬರಿನಲ್ಲೇ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಬರೆದರೆ ನೀನು ಕೆಲಸ ನಿಲ್ಲಿಸುತ್ತೀಯೆಂದು ಬರೆಯಲಿಲ್ಲ. ಆ ಬಂದೂಕು ಮುಗಿಯುವುದನ್ನು ನೋಡಬೇಕಿತ್ತು ನನಗೆ. (ಇದನ್ನು ನನಗೂ ಹೇಳಿರಲಿಲ್ಲ. — ಲೆ.)

ಈಗ ಒಂದು ಸಣ್ಣ ಕೆಲಸ. ಬೆಳಗ್ಗೆ ಹೊತ್ತು ಕಿಟಕಿಯಿಂದ ನಿನ್ನ ದುರ್ಬೀನಿನಲ್ಲಿ ಬೆಟ್ಟ ನೋಡುತ್ತೇನೆ. ಟಗರು ಕಾಣುವಷ್ಟು ಹತ್ತಿರವಲ್ಲ. ಬಂಡೆಯ ಅಂಚಿನಿಂದ ಹಿಮ ಹೊಗೆಯ ಹಾಗೆ ಹಾರುವುದು ಕಾಣುತ್ತದೆ, ಆಮೇಲೆ ಬಿಸಿಲು ಒಂದೊಂದೇ ಮೆಟ್ಟಿಲು ಇಳಿಯುವುದು. ತೊಂದರೆ ಏನೆಂದರೆ ದುರ್ಬೀನಿನ ಕೆಳಗೆ ಹನ್ನೆರಡು ಪೌಂಡ್ ಬಂದೂಕಿದೆ. ಲೆನೋರ ದಿಂಬು ಪೇರಿಸಿ ನಿಲ್ಲಿಸುತ್ತಾಳೆ. ಬೋಲ್ಟು ತೆಗೆದು ಅಡುಗೆಮನೆಯಲ್ಲಿಟ್ಟಿದ್ದೇವೆ, ಆದರೆ ಅದು ಬೀದಿಯವರಿಗೆ ಹೇಗೆ ಗೊತ್ತಾಗಬೇಕು? ನಿನ್ನೆ ಎದುರು ಮನೆಯ ಗಾರ್ಡಿ ಹಾಲು ತೆಗೆದುಕೊಂಡು ಬರುತ್ತಿದ್ದವನು ಮಲಗುವ ಕೋಣೆಯಿಂದ ನಳಿಕೆ ಹೊರಟಿರುವುದನ್ನು ಕಂಡು ಅಂಚೆಪೆಟ್ಟಿಗೆಯ ಹಿಂದೆ ಅವಿತುಕೊಂಡ. "ಹೋಲಿಸ್, ಆ ಏಣಿ ನಾಳೇನೇ ವಾಪಸ್ ಕೊಡ್ತೀನಿ ಕಣೋ!" ಅಂತ ಅಲ್ಲಿಂದಲೇ ಕೂಗಿದ. (ಇವತ್ತು ನಿಜವಾಗಿಯೂ ತಂದುಕೊಟ್ಟ. — ಲೆ.)

ದುರ್ಬೀನನ್ನು ಬಿಚ್ಚಿ ಅದೊಂದನ್ನೇ ಹಿಡಿದುಕೊಳ್ಳಬೇಕು. ಆದರೆ ಅದನ್ನು ಬಂದೂಕಿಗೆ ಹಿಡಿದಿಡುವ ಬಳೆಗಳ ತಿರುಪು ಕಡಲೆಕಾಳಿಗಿಂತ ಚಿಕ್ಕವು, ನಕ್ಷತ್ರದ ತಲೆಯವು, ಮೇಲೆ ನೀನು ಅಂಟು ಬೇರೆ ಹಾಕಿದ್ದೀಯ. ಊರಿನಲ್ಲಿ ಯಾರ ಬಳಿಯೂ ತಿರುಪು ಬಿಚ್ಚುವ ಅಷ್ಟು ಸಣ್ಣ ಕೀಲಿ ಇಲ್ಲ. ನಿನ್ನದೊಂದು ಲಕೋಟೆಯಲ್ಲಿ ಹಾಕಿ ಕಳಿಸು. ಅಂಟು ಬಿಡಿಸಲು ಲೆನೋರಳ ಇಸ್ತ್ರಿಪೆಟ್ಟಿಗೆಯ ಮೂತಿ ತಾಗಿಸಿದರೆ ಸಾಕೋ, ಎಷ್ಟು ಹೊತ್ತು ತಾಗಿಸಬೇಕೋ, ಒಂದು ಸಾಲು ಬರೆ. ದಾರಿ ತೆರೆದ ಮೇಲೆ ನೀನು ಹೇಗೂ ಬರುತ್ತೀಯ, ಬಾ. ಆದರೆ ಕೀಲಿಯನ್ನು ಅಲ್ಲಿಯವರೆಗೆ ಇಟ್ಟುಕೊಳ್ಳಬೇಡ, ಈ ಪತ್ರ ಸಿಕ್ಕ ದಿನವೇ ಅಂಚೆಗೆ ಹಾಕು.

ಹೋಲಿಸ್